ಸೊಸೆಯ ಸೀರೆಯುಟ್ಟು ಎಮ್ಮೆ ಹಿಂಡಿದ್ದು

‘ಚಿಂತೆ ಮಾಡಬೇಡ’ ಎನ್ನುವವರನ್ನು ಮೊದಲು ಮನೆಯಿಂದ ಹೊರಗೆ ಕಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಸುಮ್ಮನೆ ಮಲಗಿದವರಿಗೆ ಆ ಮಾತು ಕೇಳಿದ ಮೇಲೆಯೇ, ಚಿಂತೆ ಮಾಡುವಂಥದ್ದು ಏನೋ ಇದೆ ಎಂದು ಗೊತ್ತಾಗುವುದು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟ್ರು ಒಳ್ಳೆಯವರಾಗಿದ್ದರಿಂದ. ಹಾಗಾಗಿ ಚಿಂತೆಗೂ ಹೊಟ್ಟೆಯ ಮೇಲಿನ ಗಾಯಕ್ಕೂ ಸಂಬಂಧವಿದೆ ಎಂದು ಹರಪನಹಳ್ಳಿಯ ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ. ಅದು ನಿಜವಾಗಿದ್ದರೆ ನಮ್ಮ ಕಾಲದ ಹೆಂಗಸರಿಗೆ ಕುಡುಗೋಲು ತಾಗಿದ್ದು ಇವತ್ತಿಗೂ ಮಾಯುತ್ತಿರಲಿಲ್ಲ.

ಊರಿಗೆಲ್ಲ ಒಂದೇ ಫೋನು ಇದ್ದ ಕಾಲದ ಮಾತು. ನನ್ನ ಸೊಸೆ ಗಿರಿಜಾಳಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಮನೆಗೆ ಕರೆತಂದೆವು. ಹೊಲಿಗೆ ಹಾಕಿದ ಜಾಗ ಒಣಗಲೊಲ್ಲದು. ನೀರು ಒಸರುವುದು, ಸಂಜೆಯಾದರೆ ಮೈ ಬಿಸಿ. ತೋರಿಸಲು ಕರೆದೊಯ್ದಾಗ ಡಾಕ್ಟರು ಗುಳಿಗೆ ಬದಲಿಸಿದರು, ಪಟ್ಟಿ ಬದಲಿಸಿದರು, ಕೊನೆಗೆ ನನ್ನನ್ನು ಹೊರಗೆ ಕರೆದರು. “ಅಜ್ಜಿ, ಈಕಿ ಏನೋ ಮನಸ್ಸಿಗೆ ಹಚ್ಚಿಕೊಂಡಾಳ. ನಿದ್ದಿ ಇಲ್ಲ, ಊಟ ಇಲ್ಲ. ಹಿಂಗಾದ್ರ ಮೈಯಾಗಿನ ಶಕ್ತಿ ಗಾಯದ ಕಡಿ ನೋಡಂಗಿಲ್ಲ. ಮುಂದಿನ ವಾರದಷ್ಟೊತ್ತಿಗೆ ಒಣಗಲಿಲ್ಲಂದ್ರ ಮತ್ತ ಬಿಚ್ಚಿ ಹೊಲೀಬೇಕಾಗತೈತಿ.”

ನಾನು ಮನೆಗೆ ಬಂದವಳೇ ಹಾಸಿಗೆಯ ಪಕ್ಕ ನಿಂತು, “ಲೇ ಗಿರಿಜಾ, ನೀ ಚಿಂತಿ ಮಾಡಿದ್ರ ಮತ್ತ ಹೊಟ್ಟಿ ಕೊಯ್ತಾರಂತ. ಮಾಡಬ್ಯಾಡ” ಎಂದೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆಂದು ನನಗೆ ತಿಳಿಯದು. ಅವಳ ಮುಖದಲ್ಲಿ ಇದ್ದ ಚೂರು ರಕ್ತವೂ ಇಳಿಯಿತು. ಅವತ್ತು ಸಂಜೆ ಜ್ವರ ಹೆಚ್ಚಾಯಿತು.

ಸಾಲದ್ದಕ್ಕೆ ಮಾತಾಡಿಸಲು ಬರುವವರು. ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸದಿದ್ದರೆ ಬಂಧುತ್ವವೇ ಹರಿದಂತೆ. ಕೈಯಲ್ಲೊಂದು ಬ್ರೆಡ್ಡು, ಬಾಯಲ್ಲೊಂದು ಸಾವು ಹಿಡಿದೇ ಬರುತ್ತಾರೆ. ಪಕ್ಕದ ಓಣಿಯ ಬಸಮ್ಮ ಬ್ರೆಡ್ಡು ಇಟ್ಟು ಕುಂತಳು. “ನಮ್ಮ ಮೈದುನನ ಹೆಂಡ್ತಿಗೂ ಹಿಂಗ ನೀರು ಒಸರ್ತಿತ್ತು ನೋಡವ್ವ.”

“ಈಗ ಹೆಂಗದಾಳ?” ಎಂದು ಗಿರಿಜಾ ಕೇಳಿದಳು.

“ಎಲ್ಲಿ ಅದಾಳ, ಹೋದ್ಲು” ಎಂದಳು ಬಸಮ್ಮ. “ನೀ ಮಾತ್ರ ಚಿಂತಿ ಮಾಡಬ್ಯಾಡ.”

ಬ್ರೆಡ್ಡು ಅವಳ ಕೈಗೇ ಕೊಟ್ಟು ಕಳಿಸಿದೆ. ಅವತ್ತಿನಿಂದ ಬಾಗಿಲಲ್ಲಿ ನಾನೇ ಕುಳಿತೆ. ಯಾರನ್ನೂ ಒಳಗೆ ಬಿಡಲಿಲ್ಲ. ಆದರೂ ಗಾಯ ಒಣಗಲಿಲ್ಲ. ಏಕೆಂದರೆ ಗಿರಿಜಾ ಹಚ್ಚಿಕೊಂಡದ್ದು ಬಾಗಿಲಿನಿಂದ ಬರುವಂಥದ್ದಲ್ಲ, ಹಿತ್ತಲಲ್ಲಿ ಕಟ್ಟಿದ್ದು.

ನಮ್ಮ ಎಮ್ಮೆ ಈದು ಕರು ಸತ್ತಿತ್ತು. ಅಂದಿನಿಂದ ಗಿರಿಜಾಳ ಕೈಗೆ ಬಿಟ್ಟರೆ ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ. ನನ್ನ ಮಗ ಕೊಟ್ರೇಶ ಕುಂತರೆ ಒದೆಯುವುದು, ನಾನು ಹೋದರೆ ದೂರದಿಂದಲೇ ಬುಸುಗುಡುವುದು. ಅಷ್ಟಿಷ್ಟು ಎಳೆದದ್ದು ಬಿಟ್ಟರೆ ಹಾಲೆಲ್ಲ ಒಳಗೇ. ಕೆಚ್ಚಲು ಬಿಗಿದಿತ್ತು. ಅದು ಬಾತು ಕೆಟ್ಟರೆ ಎಮ್ಮೆ ಹೋದಂತೆಯೇ. ಅದರ ಒದರು ಕೇಳಿದಾಗೆಲ್ಲ ಗಿರಿಜಾ ಒಳಗೆ ಹಲ್ಲು ಕಚ್ಚುತ್ತಿದ್ದಳು. ಕೊಟ್ರೇಶ ಜಾಣತನ ಮಾಡಿದ. ಯಾರದೋ ಮನೆಯ ಹಾಲು ತಂದು, “ನೋಡು, ನಿನ್ನ ಎಮ್ಮಿ ಎಷ್ಟು ಕೊಟ್ಟೈತಿ” ಎಂದು ಲೋಟ ಹಿಡಿದ. ಅವಳು ಒಂದು ಗುಟುಕು ಕುಡಿದು, “ಇದು ಆಕಳ ಹಾಲು” ಎಂದು ಲೋಟ ಕೆಳಗಿಟ್ಟು, ಗೋಡೆ ಹಿಡಿದು ಎದ್ದೇಬಿಟ್ಟಳು. ಹಿತ್ತಲ ಹೊಸ್ತಿಲು ಮುಟ್ಟುವಷ್ಟರಲ್ಲಿ ಪಟ್ಟಿಯೆಲ್ಲ ಒದ್ದೆ.

ಅವಳನ್ನು ಎತ್ತಿ ಮಲಗಿಸಿದೆವು. ಹಿತ್ತಲಲ್ಲಿ ಎಮ್ಮೆ ಒದರುತ್ತಲೇ ಇತ್ತು. ಆಗ ನನಗೆ ಹೊಳೆದದ್ದು ಇಷ್ಟು: ಎರಡೂ ಒಂದೇ ಜಾತಿಯ ಕಾಯಿಲೆ. ಅದು ಗಾಬರಿಯಾಗಿ ಹಾಲು ಬಿಡದು, ಇದು ಗಾಬರಿಯಾಗಿ ಗಾಯ ಮಾಯಿಸದು. ಇವಳಿಗೆ ಔಷಧಿ ಕೊಡಲು ಡಾಕ್ಟರಿದ್ದರು. ಎಮ್ಮೆಗೆ ನಾನೇ ಗತಿ.

ಹಿಂಡುವವರ ಸೀರೆ ಉಟ್ಟು ಹೋದರೆ ದನ ಮೋಸಹೋಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಗಿರಿಜಾ ದಿನಾ ಕೊಟ್ಟಿಗೆಗೆ ಉಡುತ್ತಿದ್ದ, ಒಗೆಯದ ಹಸಿರು ಹೂವಿನ ಸೀರೆ ತೆಗೆದೆ. ಆ ವಯಸ್ಸಿನಲ್ಲಿ ಆ ಸೀರೆಯಲ್ಲಿ ನನ್ನನ್ನು ನೋಡಿ ಕೊಟ್ರೇಶ ಗೋಡೆಯ ಕಡೆ ಮುಖ ತಿರುಗಿಸಿದ. ಸೆರಗು ತಲೆ ಮೇಲೆಳೆದು ಕೆಚ್ಚಲಿನ ಬಳಿ ಕುಂತೆ. ಎಮ್ಮೆ ಸೀರೆ ಮೂಸಿತು. ಸುಮ್ಮನೆ ನಿಂತಿತು. ಕೈ ಹಾಕಿದೆ, ಹಾಲಿಲ್ಲ.

ಒಳಗಿನಿಂದ ಗಿರಿಜಾಳ ಸಣ್ಣ ದನಿ ಬಂತು. “ಅತ್ತಿ, ಮಾತಾಡಿಸ್ರಿ ಅದನ್ನ.”

“ಏನಂತ?”

“ನಾ ದಿನಾ ಅನ್ನಂಗ ಅನ್ರಿ. ಬಂಗಾರ ಅನ್ರಿ.”

ನಾನು ಹುಟ್ಟಿದಾಗಿನಿಂದ ಯಾರಿಗೂ ಬಂಗಾರ ಎಂದವಳಲ್ಲ. ಗಂಡನಿಗೆ ಅನ್ನಲಿಲ್ಲ, ಹೆತ್ತ ಮಕ್ಕಳಿಗೆ ಅನ್ನಲಿಲ್ಲ. ಮೆಲ್ಲಗೆ ಅಂದೆ. ಎಮ್ಮೆ ಕಿವಿ ಕೂಡ ಆಡಿಸಲಿಲ್ಲ. “ಹಂಗ ಬೈದಂಗ ಅನಬ್ಯಾಡ್ರಿ, ಅತ್ತಿ” ಎಂದಳು ಗಿರಿಜಾ. ಕಣ್ಣು ಮುಚ್ಚಿ, ಮರ್ಯಾದೆ ಬಿಟ್ಟು, “ಬಾರೇ ನಮ್ಮವ್ವ, ಕೊಡೇ ನನ್ನ ಬಂಗಾರ, ಮನಿ ಬೆಳಕು ನೀನ” ಎಂದು ರಾಗ ಎಳೆದೆ. ಎಮ್ಮೆ ಒಂದು ಉದ್ದ ಉಸಿರು ಬಿಟ್ಟಿತು. ಚೊರ್ ಎಂದು ಪಾತ್ರೆಗೆ ಹಾಲು ಬಿತ್ತು. ಒಳಗೆ ಗಿರಿಜಾ ಹೊಟ್ಟೆ ಹಿಡಿದುಕೊಂಡು, “ಅಯ್ಯಯ್ಯೋ ನಗಸಬ್ಯಾಡ್ರಿ, ಹೊಲಿಗಿ ಹರೀತಾವ” ಎಂದು ನರಳಿ ನರಳಿ ನಗುತ್ತಿದ್ದಳು.

ಅವತ್ತು ಅವಳು ಉಂಡಳು. ರಾತ್ರಿ ನಿದ್ದೆಯನ್ನೂ ಮಾಡಿದಳು. ಎರಡು ಹೊತ್ತೂ ನನ್ನ ವೇಷ ನಡೆಯಿತು. ಮುಂದಿನ ವಾರ ಡಾಕ್ಟರು ಪಟ್ಟಿ ಬಿಚ್ಚಿ, “ಒಣಗೇತಲ್ಲ, ಏನು ಮಾಡಿದ್ರಿ ಅಜ್ಜಿ?” ಎಂದರು. “ನಿಮ್ಮ ಗುಳಿಗಿನ ಕೊಟ್ವಿ” ಎಂದೆ. ಗುಳಿಗೆಯೂ ಕೆಲಸ ಮಾಡಿರಬೇಕು. ಅದಕ್ಕೆ ನಾನು ಅಡ್ಡ ಮಾತಾಡುವವಳಲ್ಲ.

ಪೂರಾ ಗುಣವಾಗಿ ಕೊಟ್ಟಿಗೆಗೆ ಹೊರಟ ದಿನ ಗಿರಿಜಾ ತನ್ನ ಸೀರೆ ಕೇಳಿದಳು. ಕೊಟ್ಟೆ. ಅವಳು ಹೋಗಲಿಲ್ಲ, ಬಾಗಿಲಲ್ಲೇ ನಿಂತಳು. “ಅತ್ತಿ, ಎಮ್ಮಿಗೆ ಬಂಗಾರ ಅಂದ್ರಿ, ಮನಿ ಬೆಳಕು ಅಂದ್ರಿ. ನಾ ಈ ಮನಿಗೆ ಬಂದು ಇಷ್ಟು ವರ್ಷಾತು, ನನಗ ಒಂದ್ಸಲನೂ ಅಂದಿಲ್ಲ ನೋಡ್ರಿ.”

“ನೀ ಏನು ಹಾಲು ಕೊಡ್ತೀಯೇನು, ಹೋಗಲೇ” ಎಂದೆ.

ಅನ್ನಬಾರದು ಎಂದೇನಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನಾನು ನನ್ನ ಸೀರೆ ಉಟ್ಟುಕೊಂಡಿದ್ದೆ.