ಬಟ್ಟೆಯ ಮೇಲಿನ ಕಾಶಿ

ನನ್ನ ಪರದೆಗಳ ಮುಂದೆ ಜನ ನಿಂತರೆ ಸಾಕು, ಏನಾದರೊಂದು ಆಗಿಯೇ ತೀರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಕೋಲಾರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಅಲ್ಲಿ ವಿಮಾನ, ತಾಜಮಹಲು, ಕಾಶಿ ಎಂದು ಮೂರು ಪರದೆ. ಮೂರನ್ನೂ ಕ್ಯಾಲೆಂಡರ್ ನೋಡಿ ನಾನೇ ಬರೆದದ್ದು. ನಾನು ಕಂಡ ಅತಿ ದೂರದ ಊರೆಂದರೆ ತಿರುಪತಿ. ದೇಶ ನೋಡುವ ಆಸೆ ಬೆಟ್ಟದಷ್ಟಿತ್ತು, ಅಂಗಡಿ ಬಿಟ್ಟು ಹೋಗುವ ಹಾಗಿರಲಿಲ್ಲ.

೧. ವಿಮಾನ

ತಾಯಲೂರಿನ ರೈತ ದಂಪತಿ ವಿಮಾನದ ಮುಂದೆ ಕೂತರು. ಹೆಂಗಸಿನ ಮಡಿಲಲ್ಲಿ ಒಂದು ಗಂಟು.

"ಗಂಟು ಪಕ್ಕಕ್ಕಿಡಿ ಅಮ್ಮ, ಫೋಟೋದಲ್ಲಿ ಚೆನ್ನಾಗಿರಲ್ಲ" ಎಂದೆ.

"ಅಷ್ಟ್ ದೂರ ಹೋಗೋರು ಬುತ್ತಿ ಇಲ್ದೆ ಹೋಗ್ತಾರೇನಪ್ಪ?" ಎಂದರು.

ನನ್ನ ಪರವಾಗಿ ಮಾತಾಡಲಿ ಎಂದು ಗಂಡನ ಮುಖ ನೋಡಿದೆ. ಆತ ಹೆಂಡತಿಯ ಕಡೆ ತಿರುಗಿ, "ಉಪ್ಪಿನಕಾಯಿ ಹಾಕ್ಕೊಂಡ್ಯೇನೇ?" ಎಂದ.

೨. ತಾಜಮಹಲು

ಶಿವಾರಪಟ್ಟಣದ ಶಿಲ್ಪಿಯೊಬ್ಬರು ಹೊಸ ಹೆಂಡತಿಯೊಂದಿಗೆ ಬಂದರು. ಪರದೆಯನ್ನು ಬಹಳ ಹೊತ್ತು ದಿಟ್ಟಿಸಿದರು.

"ಎಡಗಡೆ ಗೋಪುರ ವಾಲಿದೆ ಸ್ವಾಮಿ."

"ಬರೀ ಚಿತ್ರ, ಕೂತ್ಕೊಳ್ಳಿ."

"ಚಿತ್ರಾನೇ ಇರ್ಲಿ. ವಾಲಿರೋದರ ಕೆಳಗೆ ನನ್ನ ಹೆಂಡ್ತೀನ ಕೂರಿಸಲ್ಲ."

ಕೊನೆಗೆ ಆಕೆಯನ್ನು ಬಲಗಡೆ ಕೂರಿಸಿ, ಎಡಗಡೆ ತಾವೇ ಕೂತರು. ಫೋಟೋದಲ್ಲಿ ಅವರ ಕಣ್ಣು ಮಾತ್ರ ಗೋಪುರದ ಮೇಲೇ ಇದೆ.

೩. ಕಾಶಿ

ಗೌನಿಪಲ್ಲಿಯ ಅಜ್ಜಿಯೊಬ್ಬರಿಗೆ ಕಾಶಿಯ ಹಂಬಲ. ಕರೆದುಕೊಂಡು ಹೋಗುತ್ತೇನೆಂದಿದ್ದ ಗಂಡ ತೀರಿಕೊಂಡಿದ್ದರು. ಬಸ್ಸು ಹತ್ತಿ ನನ್ನ ಸ್ಟುಡಿಯೋಗೆ ಬಂದರು. ಗಂಗೆಯ ಮುಂದೆ ನಿಂತು, ನೆನೆಯದಿರಲೆಂದು ಸೀರೆಯನ್ನು ಒಂದು ಗೇಣು ಮೇಲೆತ್ತಿಕೊಂಡರು. ನನಗೆ ನಗು ಬಂತು.

"ಕಾಶಿಗೆ ಹೋದೋರು ಇಷ್ಟವಾದದ್ದು ಒಂದನ್ನ ಬಿಟ್ಟು ಬರ್ಬೇಕು ಕಣಪ್ಪ. ಏನ್ ಬಿಡ್ಲಿ?"

"ಹಾಗಲಕಾಯಿ ಬಿಟ್ಬಿಡಿ ಅಜ್ಜಿ."

"ಅದನ್ನ ಯಾವತ್ತು ತಿಂದಿದ್ದೆ? ಮಾವಿನಹಣ್ಣು ಬಿಟ್ಟೆ, ಹೋಗು."

ಮಾವಿನ ತೋಪಿನಲ್ಲೇ ಹುಟ್ಟಿ ಬೆಳೆದ ಜೀವ. ನಾನು ಬರೆದ ಬಟ್ಟೆಗಾಗಿ ಮಾವು ಬಿಟ್ಟರಲ್ಲ ಎಂದು ಮನಸ್ಸು ಚುರ್ರೆಂದಿತು. ಹಣ್ಣಿನ ಕಾಲದಲ್ಲಿ ಫೋಟೋ ಕೊಡಲು ನಾನೇ ಅವರ ಮನೆಗೆ ಹೋದೆ. ಸೊಸೆ ರಸಪುರಿ ಮಾವು ತಂದಿಟ್ಟರು. ಅಜ್ಜಿ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ತಡೆಯಲಾಗಲಿಲ್ಲ.

"ತಿನ್ನಿ ಅಜ್ಜಿ. ಅದು ಬಟ್ಟೆ. ನಾನೂ ಕಾಶಿ ನೋಡಿದೋನಲ್ಲ."

"ಬಟ್ಟೆ ಅಂತ ನಂಗ್ ಗೊತ್ತಿಲ್ವೇನೋ? ಅದಕ್ಕೇ ರಸಪುರಿ ಒಂದನ್ನೇ ಬಿಟ್ಟಿರೋದು. ಮಿಕ್ಕಿದ್ದೆಲ್ಲ ನಿಜವಾದ ಕಾಶೀಲಿ ಬಿಡ್ತೀನಿ."

ಹಾಗೆಂದು ಸೊಸೆಯನ್ನು ಕೂಗಿ, ಎರಡು ಬಾದಾಮಿ ಮಾವು ತರಿಸಿಕೊಂಡರು.