ಹಾಸಿಗೆ ಕಪಾಟಿನ ಕೌಬಾಯ್

ಮೈಸೂರಿನಲ್ಲಿ ಹುಟ್ಟಿ, ಯೋಕೋಹಾಮಾದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತ, ಭಾನುವಾರ ಮಧ್ಯಾಹ್ನ ಗಿಟಾರ್ ಹಿಡಿದು ಅಮೆರಿಕದ ಕಂಟ್ರಿ ಹಾಡು ಹೇಳುವವನನ್ನು ಜನ ಅನುಮಾನಿಸಿದರೆ ತಪ್ಪೇನಿಲ್ಲ. ನಾನಾಗಿದ್ದರೂ ಅನುಮಾನಿಸುತ್ತಿದ್ದೆ. ತಪ್ಪು ಹುಡುಕುವುದೇ ಕಸುಬಾದ್ದರಿಂದ ನನಗೂ ಎಲ್ಲರ ಮೇಲೂ ಗುಮಾನಿ. ಅದರ ಮೇಲೆ ಕೊರೋನಾ ಬಂತು. ಗಂಟಲು ಸರಿಮಾಡಿಕೊಂಡವನನ್ನೂ ಊರೆಲ್ಲ ತಿರುಗಿ ನೋಡುತ್ತಿದ್ದ ಕಾಲ. ಇಂಥ ಅನುಮಾನದ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು.

ಟೋಪಿ ಮತ್ತು ಮಾಸ್ಕ್

ನಾನು ಹಾಡುತ್ತಿದ್ದುದು ಸ್ಟೇಷನ್ ಪಕ್ಕದ ನೆಲಮಾಳಿಗೆಯ ಪುಟ್ಟ ಕ್ಲಬ್‌ನಲ್ಲಿ. ಹನ್ನೊಂದು ವರ್ಷದಿಂದ ಭಾನುವಾರ ನನ್ನದು. ಕೌಬಾಯ್ ಟೋಪಿ, ಬೂಟು ಎಲ್ಲ ಹಾಕಿ ನಿಂತರೂ ಕೇಳುಗರು ಪೋಸ್ಟರ್ ನೋಡಿ, ನನ್ನ ಮುಖ ನೋಡಿ, ಮತ್ತೆ ಪೋಸ್ಟರ್ ನೋಡುತ್ತಿದ್ದರು. ರೈಲ್ವೆಯಿಂದ ನಿವೃತ್ತರಾದ ಒಬ್ಬ ಖಾಯಂ ಗಿರಾಕಿಗಂತೂ ನಾನು ಒಗ್ಗಲೇ ಇಲ್ಲ. ಆಮೇಲೆ ಟೋಪಿಯ ಕೆಳಗೆ ಮಾಸ್ಕ್ ಬಂತು, ಕಣ್ಣೆರಡು ಮಾತ್ರ ಉಳಿದವು. ಮಾಸ್ಕ್ ಹಾಕಿ ಹಾಡಿದ ಮೊದಲ ಭಾನುವಾರ, ಹಾಡು ಮುಗಿದ ಮೇಲೆ ಅವರು ಕ್ಲಬ್ಬಿನ ಮಾಲೀಕರ ಕೈ ಹಿಡಿಯಲು ಹೋಗಿ, ನೆನಪಾಗಿ, ದೂರದಿಂದಲೇ ಬಾಗಿ ಧನ್ಯವಾದ ಹೇಳಿದರಂತೆ: "ಆ ಇಂಡಿಯಾದವರು ಪಾಪ, ಒಳ್ಳೆಯವರೇ. ಆದರೆ ಕೊನೆಗೂ ನಿಜವಾದ ಅಮೆರಿಕದವರನ್ನು ಕರೆಸಿದಿರಿ, ಅರಿಗಾತೋ."

ಚಪ್ಪಾಳೆ ಮಾತ್ರ

ಕೂಗಬಾರದು, ಜೊತೆಗೆ ಹಾಡಬಾರದು, ಚಪ್ಪಾಳೆ ಮಾತ್ರ ಎಂದು ಗೋಡೆಗೆ ಬರೆದು ಅಂಟಿಸಿದ್ದರು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣುಮುಚ್ಚಿ, ಕೈಕಟ್ಟಿ ಕೂತಿದ್ದರು. ನಿದ್ದೆಯೋ, ಸಿಟ್ಟೋ ಗೊತ್ತಾಗಲಿಲ್ಲ. ಅವರನ್ನೇ ನೋಡುತ್ತ ಮೂರನೇ ಹಾಡಿನ ಸಾಲುಗಳೇ ಮರೆತುಹೋದವು. ನಿಲ್ಲಿಸುವಂತಿಲ್ಲ. ಅದೇ ರಾಗಕ್ಕೆ ಕನ್ನಡದಲ್ಲಿ, ರವೆ ಹುರಿದು ಉಪ್ಪಿಟ್ಟು ಮಾಡುವ ವಿಧಾನವನ್ನು ನಿಂಬೆಹಣ್ಣು ಹಿಂಡುವವರೆಗೂ ಹಾಡಿಬಿಟ್ಟೆ. ಆಮೇಲೆ ಆ ಮನುಷ್ಯ ಎದ್ದು ಬಂದು ಒದ್ದೆ ಕಣ್ಣು ಒರೆಸಿಕೊಂಡರು. "ಮೂರನೆಯದು ತಾಯ್ನಾಡನ್ನು ಬಿಟ್ಟು ಬಂದವನ ಹಾಡು, ಅಲ್ಲವೇ?"

ಚೀಟಿ

ಕೊರೋನಾ ಹೆಚ್ಚಿ ಕ್ಲಬ್ ಮುಚ್ಚಿತು. ಮಾಲೀಕರು ಹೇಳಿದರು: "ಮನೆಯಿಂದ ಆನ್‌ಲೈನ್‌ನಲ್ಲಿ ಹಾಡಿ. ಜನ ಮೆಚ್ಚಿದರೆ, ಮತ್ತೆ ತೆರೆದಾಗ ಭಾನುವಾರ ನಿಮ್ಮದೇ. ಇಲ್ಲದಿದ್ದರೆ ಸ್ವಲ್ಪ ಕಷ್ಟ." ಇಲ್ಲಿ 'ಸ್ವಲ್ಪ ಕಷ್ಟ' ಎಂದರೆ ಆಸೆ ಬಿಡಿ ಎಂದೇ ಅರ್ಥ. ನನಗೆ ನಿಜಕ್ಕೂ ಭಯವಾಯಿತು. ವಾರದ ಆರು ದಿನ ನಾನು ಬದುಕುತ್ತಿದ್ದುದೇ ಆ ಒಂದು ದಿನಕ್ಕಾಗಿ.

ಅದೇ ವಾರ ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಮನೆಗಳ ಅಂಚೆ ಡಬ್ಬಿಗೂ ಒಂದು ಚೀಟಿ ಬಂತು. "ಇತ್ತೀಚೆಗೆ ಶಬ್ದದಿಂದ ತೊಂದರೆಯಾಗುತ್ತಿದೆ. ಎಲ್ಲರೂ ಪರಸ್ಪರ ಎಚ್ಚರ ವಹಿಸೋಣ." ಯಾರ ಶಬ್ದ, ಯಾರಿಗೆ ತೊಂದರೆ, ಒಂದೂ ಬರೆದಿರಲಿಲ್ಲ. ಇಲ್ಲಿ ಬರೆಯುವುದೂ ಇಲ್ಲ. ತಪ್ಪಿತಸ್ಥ ತಾನೇ ಅರ್ಥಮಾಡಿಕೊಳ್ಳಬೇಕು.

"ಡೌಟೇ ಬೇಡ, ನಿಮ್ಮ ಗಿಟಾರೇ," ಎಂದಳು ಹೆಂಡತಿ. "ಕೆಳಗಿನ್ಮನೆ ಅಜ್ಜಿ ಲಿಫ್ಟಲ್ಲಿ ನನ್ನ ಹೇಗೆ ನೋಡಿದ್ರು ಗೊತ್ತಾ?"

ಹಾಸಿಗೆ ಮಡಚಿಡುವ ಗೋಡೆ ಕಪಾಟಿನೊಳಗೆ ಕೂತು ಅಭ್ಯಾಸ ಶುರುಮಾಡಿದೆ. ಹೆಂಡತಿ ಹೊರಗಿನಿಂದ ಬಾಗಿಲು ಎಳೆಯುತ್ತಿದ್ದಳು. ನಮ್ಮ ಮಗಳು ಇದನ್ನು ಆನ್‌ಲೈನ್ ಕ್ಲಾಸಿನಲ್ಲಿ ಜಪಾನೀ ಭಾಷೆಯಲ್ಲಿ ವರದಿ ಮಾಡಿದಳು: "ಅಪ್ಪ ದಿನಾ ಕಪಾಟಿನೊಳಗೆ ಹೋಗ್ತಾರೆ, ಅಮ್ಮ ಬಾಗಿಲು ಹಾಕ್ತಾಳೆ." ಸಂಜೆ ಟೀಚರ್ ಫೋನ್ ಮಾಡಿದರು. ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಮೆಲ್ಲಗೆ ಕೇಳಿದರು. ಹೆಂಡತಿ ಅಷ್ಟೇ ವಿನಯವಾಗಿ ಹೇಳಿದಳು: "ಬಲವಂತ ಏನಿಲ್ಲ. ಅವರೇ ಇಷ್ಟಪಟ್ಟು ಹೋಗ್ತಾರೆ."

ಕೆಳಗಿನ ಮನೆ

ಕಾರ್ಯಕ್ರಮದ ದಿನ ಹಾಲ್‌ನಲ್ಲೇ ಕೂತೆ. ಕಪಾಟಿನಲ್ಲಿ ಟೋಪಿ ಹಿಡಿಸುತ್ತಿರಲಿಲ್ಲ. ಎರಡನೇ ಹಾಡಿಗೆ ಬಾಗಿಲ ಗಂಟೆ ಸದ್ದು ಮಾಡಿತು. ಕೆಳಗಿನ್ಮನೆ ಅಜ್ಜಿ, ಕೈಯಲ್ಲಿ ಅದೇ ಚೀಟಿ.

"ಸುಮಿಮಾಸೆನ್, ಕ್ಷಮಿಸಿ. ಇದನ್ನು ಹಾಕಿಸಿದ್ದು ನಾನೇ."

ಫೋನಿನ ಕ್ಯಾಮೆರಾ ಓಡುತ್ತಲೇ ಇತ್ತು. ನನ್ನ ಭಾನುವಾರ ಮುಗಿಯಿತು ಅನ್ನಿಸಿತು. "ಕ್ಷಮಿಸಿ, ಹಾಡು ನಿಲ್ಲಿಸ್ತೀನಿ," ಎಂದೆ.

"ಹಾಡಾ?" ಅಜ್ಜಿ ಗೊಂದಲದಲ್ಲಿ ನೋಡಿದರು. "ಬೆಳಿಗ್ಗೆ ಆರಕ್ಕೆ ಏನೋ ಕೊರೆಯುತ್ತೀರಲ್ಲ, ನಮ್ಮ ಸೀಲಿಂಗ್ ನಡುಗುತ್ತೆ. ಆಮೇಲೆ ಮೂರು ಸಲ ರೈಲು ಕೂಗುತ್ತೆ. ಅದು."

ನಾನೂ ಮಗಳೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದೆವು. ಮೈಸೂರಿನಿಂದ ತಂದು, ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸುವ ಮಿಕ್ಸಿಯ ಮುಂದೆ ಹೆಂಡತಿ ಸೆರಗು ಅಡ್ಡ ಮಾಡಿ ನಿಂತಿದ್ದಳು. ಕುಕ್ಕರ್ ಮುಚ್ಚುವಷ್ಟು ಸೆರಗು ಇರಲಿಲ್ಲ.

"ಹಾಡು ನಾನು ದಿನಾ ಕೇಳ್ತಿದ್ದೆ," ಎಂದರು ಅಜ್ಜಿ. "ಒಂದು ತಿಂಗಳಿಂದ ಗೋಡೆಯೊಳಗಿಂದ ಬಂದ ಹಾಗಿತ್ತು. ಕೊರೋನಾ ಬಂದು ನಿಮ್ಮನ್ನು ಎಲ್ಲೋ ಕೂಡಿಹಾಕಿದ್ದಾರೆ ಅಂತ ಚಿಂತೆಯಾಗಿತ್ತು. ಇವತ್ತು ಸರಿಯಾಗಿ ಕೇಳಿಸಿತು, ನೋಡಿಹೋಗೋಣ ಅಂತ ಬಂದೆ."

ಇದೆಲ್ಲ ಆನ್‌ಲೈನ್‌ನಲ್ಲಿ ಹೋಗಿತ್ತು, ಜನಕ್ಕೆ ಬಹಳ ಹಿಡಿಸಿತ್ತು. ಮಾಲೀಕರು ಫೋನ್ ಮಾಡಿ, ಭಾನುವಾರ ನಿಮ್ಮದೇ, ಅಜ್ಜಿಗೂ ಒಂದು ಕುರ್ಚಿ ಇಡುತ್ತೇನೆ ಎಂದರು. ಮಾರನೇ ದಿನದಿಂದ ನಾನು ಹಾಲ್‌ನಲ್ಲೇ ಹಾಡತೊಡಗಿದೆ. ಮಿಕ್ಸಿ, ಟ್ರಾನ್ಸ್‌ಫಾರ್ಮರ್, ಚಟ್ನಿಯ ಸಾಮಾನು ಕಪಾಟಿಗೆ ಹೋದವು, ಜೊತೆಗೆ ಹೆಂಡತಿಯೂ. ಬಾಗಿಲು ಎಳೆಯುವ ಕೆಲಸ ಈಗ ನನ್ನದು.

ವಾರದೊಳಗೆ ಟೀಚರ್ ಮತ್ತೆ ಫೋನ್ ಮಾಡಿದರು. ದನಿ ಮೊದಲಿಗಿಂತಲೂ ಮೆತ್ತಗಿತ್ತು.

"ಅಪ್ಪ ಹೊರಗೆ ಬಂದರಂತೆ, ಬಹಳ ಸಂತೋಷ. ಆದರೆ ಈಗ ಅಮ್ಮನ ಸರದಿಯಂತೆ?"