ನನಗೂ ಒಂದು ಹೊಲ

ಸಿಟ್ಟು ಮಾಡುವವರನ್ನು ನಾನು ಹೇಗಾದರೂ ಸಂಭಾಳಿಸಬಲ್ಲೆ. ಕಾಳಜಿ ಮಾಡುವವರ ಮುಂದೆ ಮಾತ್ರ ಸೋತುಬಿಡುತ್ತೇನೆ. ನಮ್ಮ ಸಾಹೇಬರು ಕಾಳಜಿಯವರು. ಬಸವನ ಬಾಗೇವಾಡಿ ಕಡೆಯ ಒಂದು ಸರ್ಕಾರಿ ಕೃಷಿ ಸಂಶೋಧನಾ ಯೋಜನೆಗೆ ನಾನು ಮತ್ತು ಮಲ್ಲಪ್ಪ ಒಂದೇ ದಿನ ಗುತ್ತಿಗೆಯ ಮೇಲೆ ಸೇರಿದೆವು. ಓದು ಒಂದೇ, ಹುದ್ದೆಯೂ ಒಂದೇ. ಆದರೆ ತೊಗರಿ ಹೊಲಕ್ಕೆ ಹೋಗಿ ರೋಗ ಬಂದು ಒಣಗಿದ ಗಿಡ ಎಣಿಸುವುದು ಅವನ ಪಾಲು. ಅವನು ತಂದ ಲೆಕ್ಕವನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಪಾಲು. ಹೆಣ್ಣುಮಗಳನ್ನು ಬಿಸಿಲಲ್ಲಿ ಓಡಾಡಿಸಬಾರದೆಂದು ಸಾಹೇಬರ ಕಾಳಜಿ. ಯಾರಾದರೂ ಬಂದರೆ ಚಹಾ ತರಿಸುವ ಕೆಲಸವೂ ಅದೇ ಕಾಳಜಿಯಿಂದ ನನಗೇ ಬಂದಿತ್ತು. ಸುಳ್ಳೇಕೆ ಹೇಳಲಿ, ಫ್ಯಾನಿನ ಕೆಳಗೆ ನಾನೂ ಸುಖವಾಗಿಯೇ ಇದ್ದೆ.

ಗುತ್ತಿಗೆ ಮುಂದುವರಿಸುವ ಅರ್ಜಿ ಕೈಗೆ ಬಂದಾಗ ಆ ಸುಖ ಇಳಿಯಿತು. ಅದರಲ್ಲಿ 'ಹೊಲದ ಕೆಲಸದ ಅನುಭವ' ಎಂಬ ಅಂಕಣವಿತ್ತು. ಮಲ್ಲಪ್ಪ ಜಾಗ ಸಾಲದೆ ಇನ್ನೊಂದು ಹಾಳೆ ಕೇಳಿದ. ನನ್ನದು ಖಾಲಿ. ಹಿಂದಿನ ವರ್ಷ ಇದೇ ಕಚೇರಿಯಲ್ಲಿ ಅದನ್ನು ಖಾಲಿ ಬಿಟ್ಟಿದ್ದ ಗೆಳತಿ ರೇಣುಕಾಳನ್ನು ಅನುಭವವಿಲ್ಲವೆಂದೇ ಮನೆಗೆ ಕಳಿಸಿದ್ದರು. ಅರ್ಜಿ ಹಿಡಿದು ಸೀದಾ ಸಾಹೇಬರ ಕೋಣೆಗೆ ಹೋದೆ.

"ಮೊದಲ ನನಗ ಹೊಲಾ ಕೊಡ್ರಿ, ಸರ್. ಆಮ್ಯಾಲ ಅನುಭವ ಕೇಳ್ರಿ" ಎಂದೆ. ಅವರು ಬಿಸಿಲಿನ ಮಾತೆತ್ತಿದರು. "ಅಲ್ಲಿ ಕಸಾ ತೆಗಿಯೋರು ಯಾರ್ರಿ? ಎಲ್ಲಾ ಹೆಣ್ಮಕ್ಕಳ ಅದಾರಲ್ರಿ" ಎಂದೆ. ಅವರು ಪಟ್ಟಿ ತೆಗೆದು, ಇಂಗಳೇಶ್ವರದ ಹೊಲದ ಮುಂದೆ ಮಲ್ಲಪ್ಪನ ಹೆಸರು ಹೊಡೆದು ನನ್ನ ಹೆಸರು ಬರೆದರು.

ಮೊದಲ ದಿನ ಮೂರು ಸಲ ಲೆಕ್ಕ ತಪ್ಪಿ, ಮೂರು ಸಲವೂ ಮೊದಲಿನಿಂದ ಎಣಿಸಿದೆ. ಕಳೆ ತೆಗೆಯುತ್ತಿದ್ದ ಶಿವವ್ವ ಎಂಬಾಕೆ ನನ್ನ ಪಾಡು ನೋಡಲಾರದೆ ಹತ್ತಿರ ಬಂದಳು. "ಒಣಗಿದ ಗಿಡಾ ನಾವು ಆವಾಗಾವಾಗ ಕಿತ್ತು ಬದುವಿಗೆ ಒಗಿತೇವ್ರಿ ಬಾಯಾರ. ಉಳದದ್ದಷ್ಟ ಎಣಿಸಿದ್ರ ಹ್ಯಾಂಗ?" ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಬರುತ್ತಿದ್ದ ಸರ್, ಅಂದರೆ ನಮ್ಮ ಮಲ್ಲಪ್ಪ, ಹೊಲದ ಒಡೆಯ ಗೌಡರ ಜೊತೆ ಅಷ್ಟೇ ಮಾತಾಡಿ ಹೋಗುತ್ತಿದ್ದರಂತೆ. ತಮ್ಮನ್ನು ಯಾರೂ ಕೇಳಿರಲಿಲ್ಲವಂತೆ. ಅಂದರೆ ವರ್ಷವಿಡೀ ನಾನು ಅಚ್ಚುಕಟ್ಟಾಗಿ ತುಂಬಿದ್ದೆಲ್ಲ ತಪ್ಪು ಲೆಕ್ಕ.

ಶಿವವ್ವ ಹೇಳಿದ್ದನ್ನು ಬರೆದುಕೊಟ್ಟೆ. ಸಾಹೇಬರು ಎರಡು ಸಲ ಓದಿ, ಎಲ್ಲ ಹೊಲಗಳಲ್ಲೂ ಕಿತ್ತ ಗಿಡಗಳನ್ನು ಸೇರಿಸಿ ಎಣಿಸಲು ಹೇಳಿದರು. ಅರ್ಧ ಹೊಲಗಳು ನನಗೆ ಬಂದವು, ಗುತ್ತಿಗೆಯೂ ಮುಂದುವರಿಯಿತು.

ವರದಿ ಅಚ್ಚಾಗಿ ಬಂತು. ಹೊಲದ ಕೆಲಸ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ 'ಶ್ರೀ' ಎಂದಿತ್ತು. ಹೊಲಕ್ಕೆ ಹೋದವರೆಲ್ಲ ಗಂಡಸರೇ ಎಂದುಕೊಂಡ ಆ ಮಹಾನುಭಾವ ಯಾರೆಂದು ಜಗಳಕ್ಕೆ ಹೊರಟೆ. ಬಾಗಿಲ ತನಕ ಹೋದಾಗ ನೆನಪಾಯಿತು: ಪಟ್ಟಿ ಟೈಪು ಮಾಡಿದವಳು ನಾನೇ. ತಿರುಗಿ ಬಂದು ಪೆನ್ನು ಹಿಡಿದು, ಒಂದೊಂದೇ ಪ್ರತಿಯಲ್ಲಿ 'ಮತಿ' ಸೇರಿಸುತ್ತ ಕೂತೆ. ಮತಿ ನನಗೂ ಸ್ವಲ್ಪ ಬೇಕಾಗಿತ್ತು.